ಎಡಗೈ ಕಡೆಯ ಹನಿ

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಂದು ತಪ್ಪೂ ಆಗಿಲ್ಲ ಅಂತ ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುತ್ತಿದ್ದೆ, ಅವರು ಕೇಳದಿದ್ದರೂ ಹೇಳುತ್ತಿದ್ದೆ. ಬೆನ್ನ ಹಿಂದೆ ನನಗೆ ಒಣಮೆಣಸಿನಕಾಯಿ ಅಂತ ಹೆಸರಿಟ್ಟಿದ್ದಾರೆ ಅನ್ನುವುದೂ ಗೊತ್ತಿತ್ತು. ಇಟ್ಟುಕೊಳ್ಳಲಿ ಬಿಡಿ, ಮೆಣಸಿನಕಾಯಿ ಇಲ್ಲದೆ ಯಾರ ಅಡುಗೆ ನಡೆಯುತ್ತದೆ?

ನನ್ನ ಕೆಲಸ ಭ್ರೂಣ ನೋಡಿಕೊಳ್ಳುವುದು. ಮಕ್ಕಳಾಗದವರು ಬರುವ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಲ್ಯಾಬು. ಅಂಡಾಣು, ವೀರ್ಯಾಣು ಸೇರಿದ ಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಐದನೇ ದಿನಕ್ಕೆ ನೂರು ಚಿಲ್ಲರೆ ಕೋಶಗಳ ಒಂದು ಗುಳ್ಳೆಯಾಗುವ ತನಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು. ಗುಳ್ಳೆಯೊಳಗೆ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಕೂತ ಕೋಶಗಳು ಮುಂದೆ ಮಗುವಾಗುತ್ತವೆ. ಹೊರಗಿನ ಪದರ ಮಗುವನ್ನು ಪೋಷಿಸುವ ಮಾಸು ಆಗುತ್ತದೆ. ಆ ಹೊರಪದರದಿಂದ ಐದಾರು ಕೋಶದ ಒಂದು ತುಣುಕು ಕಿತ್ತು ಪರೀಕ್ಷೆಗೆ ಕಳಿಸಿದರೆ, ವರ್ಣತಂತುಗಳು ಸರಿಯಾಗಿವೆಯೋ, ಒಂದು ಹೆಚ್ಚಿದೆಯೋ, ಒಂದು ಚೂರು ಕಡಿಮೆ ಇದೆಯೋ ತಿಳಿಯುತ್ತದೆ. ಮಗುವನ್ನು ಮುಟ್ಟದೆಯೇ ಮಗುವಿನ ಸುದ್ದಿ ವಿಚಾರಿಸುವ ಕೆಲಸ ಇದು. ತುಣುಕು ಕೀಳುವುದರಲ್ಲಿ ನನ್ನ ಕೈ ಮೀರಿಸುವವರು ಇರಲಿಲ್ಲ.

ಜೊತೆಗೆ ಒಬ್ಬಳು ಹುಡುಗಿ, ಗಿಣಿ. ಹುಡುಗಿ ಅಂದರೆ ಮೂವತ್ತು ದಾಟಿದವಳೇ, ನನ್ನ ಕಣ್ಣಿಗೆ ಹುಡುಗಿ. ಗಿಣಿ ಅಂತ ಹೆಸರಿಟ್ಟವಳೂ ನಾನೇ. ನಮ್ಮಲ್ಲಿ ಒಂದು ಪದ್ಧತಿ ಇದೆ: ಏನೇ ಎತ್ತಲಿ, ಏನೇ ಇಳಿಸಲಿ, ಮಾಡುವವರು ಜೋರಾಗಿ ಹೇಳಬೇಕು, ಪಕ್ಕದಲ್ಲಿ ನಿಂತವರು ಕಣ್ಣಾರೆ ನೋಡಿ ಅದನ್ನೇ ತಿರುಗಿ ಹೇಳಬೇಕು. ನಾನು "ಒಂದು" ಅನ್ನುತ್ತೇನೆ, ಅವಳು "ಒಂದು" ಅನ್ನುತ್ತಾಳೆ. ಆಮೇಲೆ ಇಬ್ಬರೂ ಸಹಿ ಹಾಕುತ್ತೇವೆ. ನೋಡಿ ಹೇಳುವುದು ಮುಖ್ಯ. ಆದರೆ ನಾನು "ಒಂದು" ಅಂದಮೇಲೆ ಅದು ಎರಡಿರಬಹುದು ಅಂತ ನೋಡುವ ಧೈರ್ಯ ಅವಳಿಗೆಲ್ಲಿಂದ ಬರಬೇಕು? ಕಿತ್ತ ತುಣುಕುಗಳನ್ನು ಡಿಶ್ಶು ಅನ್ನುವ ಚಪ್ಪಟೆ ಬಟ್ಟಲಿನಲ್ಲಿ, ಸಾಲಾಗಿ ಬಿಟ್ಟ ಹನಿಗಳಲ್ಲಿ ಒಂದೊಂದಾಗಿ ಇಡುವುದು ಕ್ರಮ. ಒಮ್ಮೆ ಪಾಪ, "ಅಕ್ಕಾ, ಡಿಶ್‌ನ ಅಂಚಿಗೆ ಪೆನ್ನಲ್ಲಿ ಒಂದು ಗುರುತು ಹಾಕೋಣ್ವಾ, ನಿಯಮದಲ್ಲಿ ಬರೆದಿದ್ದಾರೆ" ಅಂದಿದ್ದಳು. "ಶಾಲೆ ಮಕ್ಕಳ ಊಟದ ಡಬ್ಬಿಗೆ ಹೆಸರು ಬರೆದ ಹಾಗಾ?" ಅಂತ ಜಾಡಿಸಿದ್ದೆ. "ನನ್ನ ಎಡಗೈ ಕಡೆ ಇರೋ ಹನಿ ಒಂದು. ಅಷ್ಟು ನೆನಪಿರದವಳು ಈ ಸ್ಟೂಲಿನ ಮೇಲೆ ಕೂರಬಾರದು." ಶಾಯಿಯ ವಾಸನೆಯೂ ಭ್ರೂಣದ ಹತ್ತಿರ ಸುಳಿಯಬಾರದು ಅನ್ನುವುದು ನನ್ನ ಸಿದ್ಧಾಂತ.

ಈಗ ಆ ಹೆಂಗಸಿನ ವಿಷಯ. ಬಸ್ ಓಡಿಸುವವಳು. ಮೂವತ್ತೊಂಬತ್ತು ವರ್ಷ. ಗಂಡ ಬೀಗ ರಿಪೇರಿಯವನು, ಬಾಯಿ ಬಿಟ್ಟರೆ ಮುತ್ತು ಉದುರುತ್ತದೋ ಏನೋ ಅನ್ನುವಂಥ ಆಸಾಮಿ. "ಊರಿನ ಬೀಗ ಎಲ್ಲಾ ತೆಗೀತಾನೆ ಮೇಡಂ, ಅವನ ಬಾಯಿಗೆ ಬಿದ್ದಿರೋದನ್ನ ತೆಗೆಯೋಕೆ ನಾನೇ ಬೇಕು" ಅಂತ ಅವಳೇ ನಗುತ್ತಿದ್ದಳು. ಮೂರು ಸಲ ಬಸಿರಾಗಿ ಮೂರು ಸಲವೂ ಎಂಟನೇ ವಾರಕ್ಕೆ ನಿಂತುಹೋಗಿತ್ತು. ಮೂರನೇ ಸಲ ಸ್ಟೀರಿಂಗ್ ಹಿಡಿದಿದ್ದಾಗಲೇ ರಕ್ತ ಶುರುವಾಯಿತಂತೆ. ಕೊನೇ ಸ್ಟಾಪಿನವರೆಗೆ ಓಡಿಸಿ, ಜನರನ್ನೆಲ್ಲ ಇಳಿಸಿ, ಬಾಗಿಲು ಹಾಕಿಕೊಂಡು ಆಮೇಲೆ ಅತ್ತಳಂತೆ.

ಪರೀಕ್ಷೆ ಮಾಡಿದಾಗ ಗಂಡನಲ್ಲಿ ಸಿಕ್ಕಿತು. ಅವನ ಎರಡು ವರ್ಣತಂತುಗಳ ತುದಿ ಒಂದಕ್ಕೊಂದು ಅದಲುಬದಲಾಗಿ ಅಂಟಿಕೊಂಡಿದ್ದವು. ಅವನಿಗೆ ಏನೂ ತೊಂದರೆ ಇಲ್ಲ, ಯಾಕೆಂದರೆ ಏನೂ ಕಳೆದುಹೋಗಿಲ್ಲ. ಡಾಕ್ಟರಮ್ಮ ಚಿತ್ರ ಬರೆದು ಅರ್ಧ ಗಂಟೆ ವಿವರಿಸಿದ್ದನ್ನು ಅವನು ಹೆಂಡತಿಗೆ ತನ್ನ ಭಾಷೆಯಲ್ಲಿ ಹೇಳಿದ: "ನನ್ನ ಹತ್ರ ಎಲ್ಲಾ ಕೀನೂ ಇವೆ ಕಣೆ. ಎರಡು ಗೊಂಚಲಿನ ಕೀ ಅದಲುಬದಲಾಗಿವೆ, ಅಷ್ಟೇ. ಆದ್ರೆ ಮಗುಗೆ ಅರ್ಧ ಗೊಂಚಲು ಕೊಟ್ಟು ಕಳಿಸ್ತೀವಲ್ಲ, ಅದ್ರಲ್ಲಿ ಒಂದು ಕೀ ಎರಡೆರಡು, ಇನ್ನೊಂದು ಇಲ್ಲವೇ ಇಲ್ಲ. ಬಾಗಿಲವರೆಗೂ ಹೋಗಿ ನಿಂತುಬಿಡುತ್ತೆ." ಅವನ ಜೀವಮಾನದಲ್ಲಿ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅದಾದ ಮೇಲೆ ಅವನು ತಲೆ ಎತ್ತಿ ಹೆಂಡತಿಯ ಮುಖ ನೋಡಿದ್ದನ್ನು ನಾನು ನೋಡಲಿಲ್ಲ.

ಮೊದಲ ಪ್ರಯತ್ನದಲ್ಲಿ ಏನೂ ಸಿಗಲಿಲ್ಲ, ಎರಡನೇ ಸಲ ನಾಲ್ಕು ಭ್ರೂಣ ಸಿಕ್ಕಿದವು. ಇನ್ನು ಅಂಡಾಣು ಸಿಗುವ ಆಸೆ ಬೇಡ, ದಾಸ್ತಾನು ಮುಗಿದಿದೆ ಅಂದುಬಿಟ್ಟಿದ್ದರು ಡಾಕ್ಟರಮ್ಮ. ನಾಲ್ಕರಿಂದಲೂ ನಾನೇ ತುಣುಕು ಕಿತ್ತೆ, ತುಣುಕುಗಳನ್ನು ಡಿಶ್ಶಿನ ನಾಲ್ಕು ಹನಿಗಳಲ್ಲಿ ಎಡದಿಂದ ಬಲಕ್ಕೆ ಇಟ್ಟು, ಅಲ್ಲಿಂದ ಒಂದೊಂದನ್ನೂ ಒಂದೊಂದು ಕೊಳವೆಗೆ ಹಾಕಿ ಪರೀಕ್ಷೆಗೆ ಕಳಿಸಿದೆ, ಭ್ರೂಣಗಳನ್ನು ಮಂಜುಗಟ್ಟಿಸಿ ಇಟ್ಟೆ. ಆರು ವಾರಕ್ಕೆ ಫಲಿತಾಂಶ ಬಂತು. ಒಂದನೆಯದು: ಕೊಳವೆಯಲ್ಲಿ ಏನೂ ಸಿಕ್ಕಿಲ್ಲ. ಎರಡನೆಯದು: ಸರಿ ಇದೆ. ಮೂರು, ನಾಲ್ಕು: ಸರಿ ಇಲ್ಲ. ಇರುವುದೊಂದೇ ಒಳ್ಳೆಯದು, ಅದು ಎರಡು. ಫೋನಿನಲ್ಲಿ ಹೇಳಿದಾಗ ಬಸ್ಸಿನವಳು ಕೂಗಿದ್ದು ನನ್ನ ಬಲಗಿವಿಯಲ್ಲಿ ಎರಡು ದಿನ ಇತ್ತು.

ಆ ದಿನ ಬೆಳಿಗ್ಗೆ ಎಂಟಕ್ಕೆ ಎರಡನೇ ಭ್ರೂಣ ಕರಗಿಸಿದೆ. "ಎರಡು" ಅಂದೆ, ಗಿಣಿ "ಎರಡು" ಅಂದಳು. ಹನ್ನೊಂದಕ್ಕೆ ಗರ್ಭಕ್ಕೆ ಬಿಡುವುದು. ಅಷ್ಟರಲ್ಲಿ ಆಕೆ ಒಂದು ಲೀಟರ್ ನೀರು ಕುಡಿದು ತಡೆದುಕೊಂಡಿರಬೇಕು, ಮೂತ್ರಕೋಶ ತುಂಬಿದ್ದರೆ ಸ್ಕ್ಯಾನಿನಲ್ಲಿ ಗರ್ಭಕೋಶ ಚೆನ್ನಾಗಿ ಕಾಣುತ್ತದೆ. ಹತ್ತಕ್ಕೆ ಕಾರಿಡಾರಿನಲ್ಲಿ ನನ್ನನ್ನು ಕಂಡವಳೇ, "ಮೇಡಂ, ಬ್ರೇಕ್ ಯಾವಾಗ ಫೇಲ್ ಆಗುತ್ತೋ ಗೊತ್ತಿಲ್ಲ, ಬೇಗ ಮಾಡಿ" ಅಂದಳು. ಬೀಗದವನು ಅವಳ ಚಪ್ಪಲಿ, ಕೈಚೀಲ ಎರಡೂ ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದ.

ಒಳಗೆ ಬಂದು ಫಾರಂ ತುಂಬಲು ಕೂತೆ. ಭ್ರೂಣ ಚೆನ್ನಾಗಿ ಎದ್ದಿತ್ತು, ಮುದುಡಿಕೊಂಡಿದ್ದು ಉಬ್ಬಿ ದುಂಡಗಾಗಿತ್ತು. ಮನಸ್ಸು ಹಗುರವಾಗಿತ್ತು. ಫಾರಮ್ಮಿನಲ್ಲಿ ತುಣುಕು ಕಿತ್ತ ದಿನದ ವಿವರ ಬರೆಯುವ ಜಾಗ ಇತ್ತು, ಅದಕ್ಕೆ ಹಳೇ ಹಾಳೆ ತೆಗೆದೆ. ನನ್ನದೇ ಅಕ್ಷರ. ಒಂದು: ಒಳ್ಳೆಯ ತುಣುಕು, ಎಂಟು ಕೋಶ. ಎರಡು: ಆರು. ಮೂರು: ಆರು. ನಾಲ್ಕು: ಕೋಶಗಳು ಒಡೆದಿವೆ, ಫಲಿತಾಂಶ ಅನುಮಾನ.

ಮುಂದೆ ಬರೆಯಲು ಪೆನ್ನು ಇಟ್ಟವಳು ನಿಲ್ಲಿಸಿದೆ. ನಾಲ್ಕನೆಯದು ಒಡೆದಿತ್ತು. ಅಂದಮೇಲೆ ಖಾಲಿ ಬರಬೇಕಾದದ್ದು ನಾಲ್ಕನೇ ಕೊಳವೆ. ಖಾಲಿ ಬಂದಿರುವುದು ಒಂದನೆಯದು. ಎಂಟು ಕೋಶ ತುಂಬಿ ಕಳಿಸಿದ ಕೊಳವೆಯಲ್ಲಿ ಏನೂ ಸಿಗಲಿಲ್ಲ, ಒಡೆದ ಚೂರು ಹಾಕಿದ್ದರಲ್ಲಿ ಕನ್ನಡಿಯಂಥ ಫಲಿತಾಂಶ.

ಹಾಗೂ ಆಗಬಹುದು ಅಂತ ಸಮಾಧಾನ ಮಾಡಿಕೊಂಡೆ. ಆಗುತ್ತದೆ ಕೂಡ. ಆದರೂ ಹಾಳೆಯನ್ನು ಮೊದಲಿನಿಂದ ಇನ್ನೊಂದು ಸಲ ಓದಿದೆ.

"ಗಿಣೀ" ಅಂದೆ. "ಇವರ ತುಣುಕು ಕೊಳವೆಗೆ ಹಾಕಿದ್ದು ನೆನಪಿದೆಯಾ ನಿನಗೆ?"

"ಅದಾ? ಅವತ್ತು ನಮ್ಮ ಮೈಕ್ರೋಸ್ಕೋಪಿನ ಬಲ್ಬು ಹೋಗಿತ್ತಲ್ಲ ಅಕ್ಕಾ. ಆಪರೇಷನ್ ಥಿಯೇಟರಿನಲ್ಲಿರೋ ಹಳೇದರಲ್ಲಿ ಮಾಡಿದ್ವಿ. ನೀವು ಬೈದಿದ್ರಿ ಅದನ್ನ, ಗುಜರಿಗೆ ಹಾಕ್ರೋ ಅಂತ."

ನಾನು ಹಾಳೆ ಕೆಳಗಿಟ್ಟು ಪಕ್ಕದ ಗೋಡೆಯ ಕಡೆ ತಿರುಗಿದೆ.

ನಮ್ಮ ಲ್ಯಾಬಿಗೂ ಪಕ್ಕದ ಥಿಯೇಟರಿಗೂ ನಡುವೆ ಗೋಡೆಯಲ್ಲಿ ಒಂದು ಪುಟ್ಟ ಕಿಂಡಿ ಇದೆ, ಭ್ರೂಣ ಕೊಡುವುದಕ್ಕೆ. ಆ ಹಳೇ ಮೈಕ್ರೋಸ್ಕೋಪು ಇರುವುದು ಕಿಂಡಿಯ ಆಚೆ ಬದಿ, ಕಿಂಡಿಗೆ ತಾಗಿಸಿದ ಮೇಜಿನ ಮೇಲೆ. ನಮ್ಮ ಲ್ಯಾಬಿನೊಳಗೆ ತುಣುಕು ಕೀಳುವುದೊಂದು, ಕೊಳವೆಗೆ ಹಾಕುವುದೊಂದು, ಎರಡು ಮೈಕ್ರೋಸ್ಕೋಪೂ ಒಂದೇ ಸಾಲಿನಲ್ಲಿವೆ. ಡಿಶ್ಶನ್ನು ಪಕ್ಕಕ್ಕೆ ಸರಿಸಿದರೆ ಮುಗಿಯಿತು, ಎಡಕ್ಕಿದ್ದದ್ದು ಎಡಕ್ಕೇ ಇರುತ್ತದೆ. ಅವತ್ತು ಡಿಶ್ಶು ಕಿಂಡಿಯಿಂದ ಹೋಗಿತ್ತು. ನಾನು ಸುತ್ತಿಕೊಂಡು ಹೋಗಿ ಆಚೆ ಕಡೆಯಿಂದ ಕೂತಿದ್ದೆ.

"ಒಂದು ಖಾಲಿ ಡಿಶ್ ತಗೋ. ನಾಲ್ಕು ಹನಿ ಹಾಕು" ಅಂದೆ. "ಎಡಗಡೆ ಹನಿಗೆ ಗುರುತು ಹಾಕು."

"ಗುರುತಾ?" ಅಂತ ಕಣ್ಣರಳಿಸಿದಳು.

"ಹೇಳಿದಷ್ಟು ಮಾಡೇ!"

ನಾನು ಥಿಯೇಟರಿಗೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ, ಗೋಡೆ ಗಡಿಯಾರ ಹತ್ತೂ ಇಪ್ಪತ್ತೈದು ತೋರಿಸುತ್ತಿತ್ತು. ಹಳೇ ಸ್ಟೂಲಿನ ಮೇಲೆ ಕೂತೆ. ಕಿಂಡಿ ತೆರೆಯಿತು. ಗಿಣಿ ಆ ಕಡೆಯಿಂದ ಡಿಶ್ ಇಟ್ಟಳು, ನಾನು ಈ ಕಡೆಯಿಂದ ನೇರ ಎಳೆದುಕೊಂಡೆ, ಅವತ್ತು ಎಳೆದುಕೊಂಡ ಹಾಗೆಯೇ. ಶಾಯಿಯ ಚುಕ್ಕೆ ನನ್ನ ಬಲಗೈ ಕಡೆ ಇತ್ತು.

ಎದುರು ಬದುರು ಕೂತವರಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲ ಅಂತ ಮೂರು ವರ್ಷದ ಮಗುವಿಗೂ ಗೊತ್ತು. ಗಿಣಿ ಕಿಂಡಿಯಿಂದ ನನ್ನ ಮುಖ ನೋಡಿದಳು. ಅವಳಿಗೂ ತಿಳಿಯಿತು.

ಆಗ ಇನ್ನೊಂದು ನೆನಪಾಯಿತು. ಅದು ನೆನಪಾಗದಿದ್ದರೆ ಚೆನ್ನಾಗಿತ್ತು. ಅವತ್ತು ಮೊದಲನೇ ಹನಿಯಲ್ಲಿ ತುಣುಕೇ ಕಾಣಿಸಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಧೂಳಿನಂಥದ್ದೇನೋ ಸಿಕ್ಕಿತ್ತು. ಎಂಟು ಕೋಶದ ತುಣುಕು ಹಾಗೆ ಕಾಣುವುದೇ? ನನಗೆ ಹೊಳೆಯಬೇಕಿತ್ತು. ನಾನು ಮೈಕ್ರೋಸ್ಕೋಪನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆಗೆ ನನ್ನ ಫೋಟೋ ಹಾಕಿಸಬೇಕು. "ಒಂದು" ಅಂದೆ. ಗಿಣಿ "ಒಂದು" ಅಂದಳು. ಕೊಳವೆಯ ಮೇಲೆ ಒಂದು ಅಂತ ಬರೆದಿತ್ತು, ಅದರೊಳಗೆ ಹೋದದ್ದು ನಾಲ್ಕು.

ಹಾಗಾದರೆ ಎಲ್ಲ ತಿರುವು ಮುರುವು. ಎರಡು ಅಂತ ಬಂದ ಒಳ್ಳೇ ಸುದ್ದಿ ಮೂರರದ್ದು. ಮೂರು ಅಂತ ಬಂದ ಕೆಟ್ಟ ಸುದ್ದಿ, ಈಗ ಗೋಡೆಯಾಚೆ ಬೆಚ್ಚಗೆ ಉಬ್ಬಿ ಕೂತು ಗರ್ಭಕ್ಕೆ ಹೋಗಲು ಕಾಯುತ್ತಿರುವ ಎರಡರದ್ದು.

ಸತ್ಯ ಹೇಳುತ್ತೇನೆ, ಸುಮ್ಮನಿದ್ದುಬಿಡೋಣ ಅನ್ನಿಸಿತು. ಒಂದು ನಿಮಿಷ ಅಲ್ಲ, ನಾಲ್ಕೈದು ನಿಮಿಷ ಅನ್ನಿಸಿತು. ಕಾಗದ ಎರಡು ಅನ್ನುತ್ತದೆ, ನಾನು ಎರಡು ಕೊಡುತ್ತೇನೆ. ಎಂಟನೇ ವಾರಕ್ಕೆ ನಿಂತುಹೋದರೆ, "ಪರೀಕ್ಷೆ ನೂರಕ್ಕೆ ನೂರು ಸರಿ ಇರಲ್ಲ ಕಣಮ್ಮಾ, ನಾವು ಮೊದಲೇ ಹೇಳಿದ್ವಲ್ಲ" ಅಂತ ಡಾಕ್ಟರಮ್ಮ ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ಉಳಿದ ಮೂರನ್ನು ಯಾರೂ ಮುಟ್ಟುವುದಿಲ್ಲ, ಒಂದು ದಿನ ಸಹಿ ಹಾಕಿಸಿಕೊಂಡು ಬಿಸಾಡುತ್ತೇವೆ. ಇಪ್ಪತ್ತೆರಡು ವರ್ಷ ಇಪ್ಪತ್ತಮೂರಾಗುತ್ತದೆ. ಜೊತೆಗೆ ನನ್ನ ಅನುಮಾನವೇ ಸುಳ್ಳಿದ್ದರೆ? ಎರಡೇ ಒಳ್ಳೆಯದಾಗಿದ್ದು, ನಾನು ಸುಮ್ಮನೆ ಗದ್ದಲ ಎಬ್ಬಿಸಿ, ಅದನ್ನು ಮತ್ತೆ ಕಿತ್ತು, ಮತ್ತೆ ಮಂಜುಗಟ್ಟಿಸಿ ಕೊಂದರೆ? ಇರುವುದೊಂದೇ. ಎರಡನೇ ಸಲ ಮಂಜಿಗೆ ಹಾಕಿದವು ಕೆಲವು ಏಳುವುದೇ ಇಲ್ಲ.

"ಅಕ್ಕಾ" ಅಂತ ಕಿಂಡಿಯಿಂದ ಗಿಣಿ ಪಿಸುಗುಟ್ಟಿದಳು. "ಏನ್ ಮಾಡೋದು?"

ಹಾಳೆಯಲ್ಲಿ ಅವಳ ಸಹಿಯೂ ಇತ್ತಲ್ಲ.

ಸ್ಟೂಲಿನಿಂದ ಎದ್ದು ಹೋದೆ. ಡಾಕ್ಟರಮ್ಮ ಕೈ ತೊಳೆಯುತ್ತಿದ್ದರು. ಹೇಳಿದೆ. ಅವರು ನಲ್ಲಿ ನಿಲ್ಲಿಸದೆ ಕೇಳಿಸಿಕೊಂಡರು.

"ಹತ್ತೂ ನಲವತ್ತು ಈಗ. ನಿಮಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿದ್ದು ಎರಡು ತಿಂಗಳ ಹಿಂದೆ. ಈಗ ಸರಿ ಇದೆ."

"ಖಚಿತವಾಗಿ ಹೇಳ್ತೀರಾ ಅದಲುಬದಲಾಗಿದೆ ಅಂತ?"

"ಇಲ್ಲ."

"ಒಳ್ಳೇ ತುಣುಕೂ ಕೆಲವು ಸಲ ಖಾಲಿ ಬರುತ್ತೆ. ಒಡೆದದ್ದೂ ಕೆಲವು ಸಲ ಫಲಿತಾಂಶ ಕೊಡುತ್ತೆ. ಹೌದೋ ಅಲ್ವೋ?"

"ಹೌದು. ಎರಡೂ ಒಟ್ಟಿಗೆ, ಅದೂ ನಾನು ಆಚೆ ಕಡೆ ಕೂತ ದಿನವೇ ಆಗಿರೋದು ನನಗೆ ನುಂಗೋಕಾಗ್ತಿಲ್ಲ."

ಅವರು ನಲ್ಲಿ ನಿಲ್ಲಿಸಿದರು. "ಸಾಕ್ಷಿಗೆ ನಿಂತಿದ್ದು ಯಾರು? ಆ ಹುಡುಗೀನಾ? ಅವಳೇನು ಕಣ್ಣು ಮುಚ್ಚಿಕೊಂಡಿದ್ದಳಾ?"

ಗಿಣಿ ನನ್ನ ಹಿಂದೆಯೇ ಇದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು, ಅವಳು ಮುಟ್ಟಿಕೊಳ್ಳುತ್ತಿದ್ದಳು.

"ಗಿಣಿ ಹೇಳಿಕೊಟ್ಟಿದ್ದನ್ನ ಹೇಳುತ್ತೆ ಡಾಕ್ಟರಮ್ಮ" ಅಂದೆ. "ಹೇಳಿಕೊಟ್ಟವಳು ನಾನು. ಗುರುತು ಹಾಕೋಣ ಅಂದವಳನ್ನ ಬೈದವಳೂ ನಾನು. ಅವಳನ್ನ ಇದರಲ್ಲಿ ಎಳೀಬೇಡಿ."

ಡಾಕ್ಟರಮ್ಮ ಬಹಳ ಹೊತ್ತು ಕೈ ಒರೆಸಿಕೊಂಡರು. ಅವರೂ ಮನುಷ್ಯರೇ, ಅವರಿಗೂ ಆ ಐದು ನಿಮಿಷದ ಆಸೆ ಬಂದಿರಬೇಕು. ಕೊನೆಗೆ, "ನೀವೇ ಹೇಳಬೇಕು ಅವರಿಗೆ. ನಾನು ಪಕ್ಕದಲ್ಲಿ ನಿಂತಿರ್ತೀನಿ, ಬಾಯಿ ಬಿಡಲ್ಲ" ಅಂದರು.

ಬಸ್ಸಿನವಳು ಹಸಿರು ಗೌನು ಹಾಕಿಕೊಂಡು ಮಂಚದ ಸರಳು ಹಿಡಿದು ಕಾಲು ಕುಣಿಸುತ್ತಿದ್ದಳು. "ಬಂದ್ರಾ? ಇನ್ನೈದು ನಿಮಿಷ ತಡ ಮಾಡಿದ್ರೆ ನಿಮ್ಮ ನೆಲ ನೀವೇ ಒರೆಸಿಕೋಬೇಕಿತ್ತು" ಅಂದಳು. ಯಾರೂ ನಗದಿದ್ದುದನ್ನು ನೋಡಿ ಅವಳ ಕಾಲು ನಿಂತಿತು.

ನಾನು ನಿಂತುಕೊಂಡೇ ಹೇಳಿದೆ. ಕೂತರೆ ನಾಲಿಗೆ ಮಡಚಿಕೊಳ್ಳುತ್ತದೆ ಅನ್ನಿಸಿತು. ಬಲ್ಬು, ಕಿಂಡಿ, ಡಿಶ್ಶು, ಹಾಕದೆ ಬಿಟ್ಟ ಗುರುತು, ಎಡ, ಬಲ. ಒಳಗಿರುವ ಎರಡು ಬಹುಶಃ ಸರಿ ಇಲ್ಲದ್ದು, ಮೂರು ಬಹುಶಃ ಸರಿ ಇರುವುದು, ಯಾವುದೂ ಖಚಿತ ಅಲ್ಲ, ಖಚಿತ ಮಾಡಿಕೊಳ್ಳಬೇಕೆಂದರೆ ಎಲ್ಲವನ್ನೂ ಕರಗಿಸಿ ಮತ್ತೆ ಕೀಳಬೇಕು, ಮತ್ತೆ ಮಂಜುಗಟ್ಟಿಸಬೇಕು, ಅದರಲ್ಲಿ ಒಳ್ಳೆಯದೇ ಸತ್ತರೂ ಸಾಯಬಹುದು. "ತಪ್ಪು ನನ್ನದು, ನನ್ನೊಬ್ಬಳದ್ದೇ" ಅಂದೆ. ಆ ವಾಕ್ಯ ಹೇಳುವುದನ್ನು ಇಪ್ಪತ್ತೆರಡು ವರ್ಷದಲ್ಲಿ ಅಭ್ಯಾಸ ಮಾಡಿರಲಿಲ್ಲ.

ಮೊದಲು ಅರ್ಥವಾದದ್ದು ಬೀಗದವನಿಗೆ. "ನನ್ನ ಹಾಗೇ" ಅಂದ ಮೆಲ್ಲಗೆ. "ಕೀ ಯಾವುದೂ ಕಳೆದಿಲ್ಲ. ಗೊಂಚಲು ಅದಲುಬದಲು."

ಹೆಂಡತಿ ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದೀರಿ?"

"ಇಪ್ಪತ್ತೆರಡು."

"ಆ ಗುರುತು ಹಾಕೋಕೆ ಎಷ್ಟು ಹೊತ್ತು ಬೇಕು?"

"ಎರಡು ಸೆಕೆಂಡು."

ಅವಳು ಎದ್ದು ಶೌಚಾಲಯಕ್ಕೆ ಹೋದಳು. ಬಾಗಿಲು ಹಾಕಿಕೊಂಡಳು. ನೀರು ಬಿಟ್ಟ ಸದ್ದು ಬಂತು, ಮತ್ತೆ ಬಿಟ್ಟಳು, ಮತ್ತೆ. ಆ ಸದ್ದಿನ ಸಂದಿಯಲ್ಲಿ ಅವಳು ಅಳುತ್ತಿದ್ದದ್ದು ಗಿಣಿಯೂ ಸೇರಿ ನಾಲ್ವರಿಗೂ ಕೇಳಿಸುತ್ತಿತ್ತು. ಬೀಗದವನು ಚಪ್ಪಲಿಯನ್ನು ಇನ್ನೂ ಎದೆಗೆ ಒತ್ತಿಕೊಂಡೇ ಇದ್ದ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ, ಆದರೆ ಎರಡನೇ ಮಹಡಿಯಲ್ಲಿ ಆ ಅನುಕೂಲವೂ ಇರಲಿಲ್ಲ.

ಮುಖ ತೊಳೆದುಕೊಂಡು ಬಂದಳು. ಕಣ್ಣು ಕೆಂಡದ ಹಾಗಿತ್ತು.

"ನಾಲ್ಕನ್ನೂ ಮತ್ತೆ ಪರೀಕ್ಷೆ ಮಾಡಿ" ಅಂದಳು.

"ಬೇರೆ ಆಸ್ಪತ್ರೆಯಿಂದ ಒಬ್ಬರನ್ನ ಕರೆಸ್ತೀನಿ. ಒಳ್ಳೇ ಕೈ ಅವರದು" ಅಂದೆ.

"ಬೇಡ. ನೀವೇ ಮಾಡಿ. ಒಂದ್ಸಲ ಗುದ್ದಿದ ಡ್ರೈವರ್ ಅದೇ ತಿರುವಿನಲ್ಲಿ ಇನ್ನೊಂದ್ಸಲ ಗುದ್ದಲ್ಲ." ಆಮೇಲೆ ಗಿಣಿಯ ಕಡೆ ತಿರುಗಿ, "ನೀನು ಇವರ ಬಾಯಿ ನೋಡ್ಬೇಡ ಕಣಮ್ಮಾ, ಕೈ ನೋಡು" ಅಂದಳು.

ಅವತ್ತು ಮಧ್ಯಾಹ್ನ ಮತ್ತೆ ತುಣುಕು ಕೀಳಲು ಕೂತೆ. ಎರಡು ಸಲ ಎದ್ದು ಹೋಗಿ ಬಿಸಿನೀರಿನಲ್ಲಿ ಬೆರಳು ಅದ್ದಿಕೊಂಡು ಬಂದೆ. ಡಿಶ್ಶಿನ ಅಂಚಿಗೆ ಗಿಣಿ ಗುರುತು ಹಾಕಿದಳು, ನಾಲ್ಕು ಹನಿಗೂ ಕೆಳಗಿನಿಂದ ಅಂಕಿ ಬರೆದಳು. ಎರಡರ ತುಣುಕು ಬಂತು. ಒಂದನ್ನು ಕರಗಿಸಿದೆ, ಬಂತು. ಮೂರನ್ನು ಕರಗಿಸಿದೆ. ಅದು ಮುದುಡಿಕೊಂಡೇ ಇತ್ತು. ಒಂದು ಗಂಟೆ ಕಳೆಯಿತು, ಒಂದೂವರೆ ಆಯಿತು. ಗಿಣಿ ಹತ್ತು ನಿಮಿಷಕ್ಕೊಮ್ಮೆ ನೋಡಿ ತಲೆ ಅಲ್ಲಾಡಿಸುತ್ತಿದ್ದಳು. "ಏಳಮ್ಮಾ, ಏಳು ಪುಟ್ಟಾ, ನಿನ್ನ ದಮ್ಮಯ್ಯ" ಅಂತ ನಾನು ಗೊಣಗುತ್ತಿದ್ದೆನಂತೆ, ಗಿಣಿ ಆಮೇಲೆ ಹೇಳಿದಳು. ಎರಡು ಗಂಟೆಯ ಹತ್ತಿರ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿತು. ಇನ್ನೊಂದು ಗಂಟೆಗೆ ದುಂಡಗಾಯಿತು. ಅದರಿಂದ ನಾಲ್ಕೇ ಕೋಶ ತೆಗೆದೆ, ಹೆಚ್ಚು ಕೇಳುವ ಮುಖ ನನಗಿರಲಿಲ್ಲ. ನಾಲ್ಕನೆಯದು ಮಾತ್ರ ಏಳಲೇ ಇಲ್ಲ. ಸಂಜೆಯವರೆಗೂ ಕಾದೆವು. ಅದರೊಳಗೆ ಏನಿತ್ತು, ಸರಿ ಇತ್ತೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅದು ನನ್ನ ಲೆಕ್ಕಕ್ಕೆ.

ಬಸ್ಸಿನವಳಿಗೆ ನಾನೇ ಫೋನ್ ಮಾಡಿ ಹೇಳಿದೆ. "ಹೂಂ" ಅಂದು ಇಟ್ಟಳು.

ಮೂರು ವಾರ ಕಾಯಬೇಕಿತ್ತು. ಮನೆಯಲ್ಲಿ ನನ್ನ ಗಂಡ, "ಏನಾಗಿದೆ ನಿನಗೆ, ಎರಡು ದಿನದಿಂದ ಯಾರನ್ನೂ ಬೈದಿಲ್ಲ" ಅಂತ ಹಣೆ ಮುಟ್ಟಿ ನೋಡಿದರು. ಹೇಳಿದೆ. ಅವರು ಎದ್ದು ಪಾತ್ರೆ ತೊಳೆಯಲು ಹೋದರು, ನನ್ನ ಸರದಿಯ ಪಾತ್ರೆ. ಆಸ್ಪತ್ರೆಯಲ್ಲಿ ವಿಚಾರಣೆ ನಡೆಯಿತು. ನಾನು ಎಲ್ಲವನ್ನೂ ಬರೆದುಕೊಟ್ಟೆ, ಆ ಬಲ್ಬು ಹೋದ ದಿನದಿಂದ ಹಿಡಿದು. ಕಿಂಡಿಯಾಚೆ ಕೂತು ಮಾಡಿದ ಕೆಲಸ ಬೇರೆ ಯಾವುದೂ ಇರಲಿಲ್ಲ, ಪುಸ್ತಕವನ್ನೆಲ್ಲ ಜಾಲಾಡಿ ನೋಡಿದೆವು. ಹಿರಿಯಳು ಅನ್ನುವ ಪದವಿ ಹೋಯಿತು. ಕೆಲಸ ಉಳಿಯಿತು. ಮಾಡಿದ್ದುಣ್ಣೋ ಮಹರಾಯ ಅಂತ ಊಟ ಮಾಡಿದೆ.

ಫಲಿತಾಂಶದ ಹಾಳೆಯನ್ನು ಗಿಣಿ ತಂದಳು. ನನಗೆ ಕೊಡಲಿಲ್ಲ. ತಾನೇ ಓದಿದಳು. "ಒಂದು, ಸರಿ ಇಲ್ಲ. ಎರಡು, ಸರಿ ಇಲ್ಲ." ಅಲ್ಲಿ ನಿಲ್ಲಿಸಿದಳು. ಎರಡರಲ್ಲಿ ಗಂಡನ ಕಡೆಯಿಂದ ಬರಬೇಕಾದ ವರ್ಣತಂತುವಿನ ಒಂದು ತುಂಡು ಕಡಿಮೆ ಇತ್ತು, ಮೂರನೇ ಬಸಿರು ಹೋದಾಗ ಪರೀಕ್ಷೆಯಲ್ಲಿ ಸಿಕ್ಕಿದ್ದ ಅದೇ ಕೊರತೆ. ಅಂದರೆ ಅವತ್ತು ಹನ್ನೊಂದು ಗಂಟೆಗೆ ನಾನು ಸುಮ್ಮನಿದ್ದಿದ್ದರೆ ನಾಲ್ಕನೇ ಸಲ ಅವಳು ಕೊನೇ ಸ್ಟಾಪಿನವರೆಗೆ ಬಸ್ ಓಡಿಸಬೇಕಾಗುತ್ತಿತ್ತು.

"ಮುಂದೆ ಓದೇ, ಪ್ರಾಣ ತೆಗೀಬೇಡ."

"ಮೂರು, ಸರಿ ಇದೆ."

ಅವಳ ಕೈಯಿಂದ ಕಸಿದುಕೊಂಡು ನಾನೂ ಓದಿದೆ. ಆಮೇಲೆ ಮತ್ತೆ ಅವಳಿಗೆ ಕೊಟ್ಟು ಇನ್ನೊಂದು ಸಲ ಓದಿಸಿದೆ.

ಮುಂದಿನ ತಿಂಗಳು ಮೂರನ್ನು ಕರಗಿಸಿದೆವು. ಎರಡನೇ ಸಲ ಮಂಜಿನಿಂದ ಎದ್ದು ಬರಬೇಕಿತ್ತು. ಬಂತು. ಈ ಸಲ ಕರೆಯುವವಳು ಗಿಣಿ, ನೋಡಿ ತಿರುಗಿ ಹೇಳುವವಳು ನಾನು. ಅದು ಆಸ್ಪತ್ರೆಯ ಆಜ್ಞೆ ಅಲ್ಲ, ನಾನೇ ಕೇಳಿಕೊಂಡದ್ದು. ಕಿಂಡಿಯ ಆಚೆ ಬಸ್ಸಿನವಳು ಮಲಗಿದ್ದಳು. ಬೀಗದವನು ತಲೆಯ ಹತ್ತಿರ ಸ್ಟೂಲಿನ ಮೇಲೆ.

"ಮೂರು" ಅಂದಳು ಗಿಣಿ.

ನಾನು ಡಿಶ್ಶಿನ ಹೆಸರು ನೋಡಿದೆ, ಗುರುತು ನೋಡಿದೆ, ಅಂಕಿ ನೋಡಿದೆ. "ಮೂರು" ಅಂದೆ.

"ಮೇಡಂ" ಅಂತ ಕಿಂಡಿಯಾಚೆಯಿಂದ ದನಿ ಬಂತು. "ಇನ್ನೊಂದ್ಸಲ ನೋಡಿ ಹೇಳಿ."

ಬೇರೆ ಯಾರಾದರೂ ಹಾಗಂದಿದ್ದರೆ ಮೊದಲಿನ ನಾನು ಅವರ ಹತ್ತು ತಲೆಮಾರು ಜಾಲಾಡುತ್ತಿದ್ದೆ. ಮತ್ತೆ ಬಗ್ಗಿ ನೋಡಿದೆ. ಹೆಸರು, ಗುರುತು, ಅಂಕಿ. "ಮೂರು ಕಣಮ್ಮಾ" ಅಂದೆ.

"ರೈಟ್. ಹೋಗ್ಲಿ" ಅಂದಳು, ಬಸ್ ಬಿಡುವ ಹಾಗೆ.

ಆಮೇಲಿನ ವಾರಗಳನ್ನು ಏನು ಹೇಳಲಿ. ಬಸಿರಾಗಿದೆ ಅಂತ ರಕ್ತಪರೀಕ್ಷೆ ಹೇಳಿತು. ಅದರಿಂದ ಸಮಾಧಾನವಾಗಲಿಲ್ಲ, ಮೂರು ಸಲವೂ ಅಲ್ಲಿಯವರೆಗೆ ಬಂದಿತ್ತು. ಆರನೇ ವಾರ ಆಯಿತು, ಏಳಾಯಿತು. ಎಂಟನೇ ವಾರದ ಸ್ಕ್ಯಾನು ಬೆಳಿಗ್ಗೆ ಹತ್ತಕ್ಕೆ ಅಂತ ಗೊತ್ತಿತ್ತು. ಕೆಳಗೆ ಹೋಗಿ ನಿಲ್ಲುವ ಧೈರ್ಯ ಆಗಲಿಲ್ಲ. ಹತ್ತೂವರೆಯಾಯಿತು. ಯಾರೂ ಬರಲಿಲ್ಲ. ಹತ್ತೂ ಮುಕ್ಕಾಲು. ಹನಿ ಎತ್ತುವ ಪಿಪೆಟ್ಟು ಹಿಡಿದು ಸುಮ್ಮನೆ ಕೂತಿದ್ದೆ, ಎದುರಿಗೆ ಡಿಶ್ಶೇ ಇರಲಿಲ್ಲ.

ಕಿಂಡಿಯ ಬಾಗಿಲಲ್ಲಿ ಟಕಟಕ ಸದ್ದಾಯಿತು. ಗಿಣಿ ತೆಗೆದಳು. ಆಚೆ ಬಸ್ಸಿನವಳ ಮುಖ. ಅತ್ತು ಊದಿಕೊಂಡಿತ್ತು.

"ಬಡೀತಿದೆ ಮೇಡಂ" ಅಂದಳು. "ಚೆನ್ನಾಗಿ ಬಡೀತಿದೆ. ಇವನು ಮೂರು ಸಲ ಕೇಳಿಸ್ಕೊಂಡ, ಅದಕ್ಕೇ ತಡ ಆಯ್ತು."

ನಾನು ಪಿಪೆಟ್ಟು ಕೆಳಗಿಟ್ಟು ಕಿಂಡಿಯ ಹತ್ತಿರ ಬಂದೆ.

"ಆದ್ರೂ ನಿಮ್ಮ ಮೇಲೆ ಸಿಟ್ಟಿದೆ ನನಗೆ. ಆ ನಾಲ್ಕನೆಯದು ಏನಿತ್ತೋ ಅಂತ ದಿನಾ ನೆನಪಾಗುತ್ತೆ."

"ನನಗೂ" ಅಂದೆ. "ಸಿಟ್ಟು ಇಟ್ಕೊಳ್ಳಿ. ಇರಲಿ."

"ಹೆರಿಗೆವರೆಗೂ ಇಟ್ಕೋತೀನಿ. ಆಮೇಲೆ ಟೈಮ್ ಸಿಗಲ್ಲ" ಅಂದಳು, ಮೂಗು ಒರೆಸಿಕೊಂಡು. ಹಿಂದೆ ಬೀಗದವನು ಅವಳ ಕೈಚೀಲ ಹಿಡಿದು ನಿಂತಿದ್ದ. ಅವನು ತಲೆ ಎತ್ತಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಗಿಣಿ ಕಿಂಡಿ ಮುಚ್ಚಿದಳು. ನಾನು ಗೋಡೆಗೆ ತಿರುಗಿ ನಿಂತು ಮಾಸ್ಕಿನೊಳಗೇ ಅತ್ತೆ. ಸ್ವಲ್ಪ ಹೊತ್ತು ಬಿಟ್ಟು ಗಿಣಿ ಮೆಲ್ಲಗೆ, "ಅಕ್ಕಾ, ಮುಂದಿನವರ ಡಿಶ್ಶು ಬಂದಿದೆ" ಅಂದಳು. ನಾನು ಕಣ್ಣು ಒರೆಸಿಕೊಂಡು ಪೆನ್ನು ತೆಗೆದುಕೊಂಡೆ.